ಮೂರು ಮನೆಯ ಗೌರಿ

ಗೌರಿಯ ಹಣೆಯ ಬಿಳಿ ಮಚ್ಚೆಯ ಮೇಲೆ ಕಲಾವತಿ ಎರಡನೆಯ ಸಲ ಕಪ್ಪು ಬಳಿಯುತ್ತಿದ್ದಾಗ ಬೀದಿಯಲ್ಲಿ ತಮಟೆ ಶುರುವಾಯಿತು. ಹಸು ಬೆಚ್ಚಿ ತಲೆ ಒದರಿತು. ಹರಳೆಣ್ಣೆಯಲ್ಲಿ ಕಲೆಸಿದ್ದ ಮಸಿ ಅವಳ ಮೊಣಕೈವರೆಗೂ ಸಿಡಿಯಿತು.

"ಅಲ್ಲಾಡ್ಬೇಡ್ವೇ, ನಿನ್ನ ಕಾಲಿಗೆ ಬೀಳ್ತೀನಿ."

ಗೋಡೆಯ ಆಚೆ, ಮನೆ ಮುಂದಿನ ಶಾಮಿಯಾನದ ಕೆಳಗೆ, ಅವಳ ಅತ್ತೆ ಮುನಿತಾಯಮ್ಮನ ಹೆಣವಿತ್ತು. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆಂದು ಎದ್ದವಳು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಮತ್ತೆ ಏಳಲಿಲ್ಲ. ಬಿಸಿಲೇರುವ ಹೊತ್ತಿಗೆ ಮಲ್ಲತ್ತಹಳ್ಳಿಯಿಂದ, ಕೆಂಗೇರಿಯಿಂದ ನೆಂಟರು ಬಂದಿದ್ದರು. ಅವರ ಹಿಂದೆಯೇ ಹಾಲಿನ ಯೂನಿಯನ್ನಿನ ಆಫೀಸರು ಕೊಟ್ರಪ್ಪನೂ ಬಂದ. ಅವನು ಹೆಣ ನೋಡಲು ಬಂದವನಲ್ಲ. ಹಸು ನೋಡಲು ಬಂದವನು.

ಸರ್ಕಾರ ಹಾಲಿಗೆ ಲೀಟರಿಗೆ ಎರಡು ರೂಪಾಯಿ ಪ್ರೋತ್ಸಾಹಧನ ಕೊಡುತ್ತಿದ್ದುದು ಹಸು ಸಾಕಿದವರಿಗೆ. ಹೊಂಗೆಪಾಳ್ಯದ ಮಹಿಳಾ ಹಾಲಿನ ಸಂಘದಲ್ಲಿ ಮಿಕ್ಕವರ ಹಸುಗಳನ್ನೆಲ್ಲ ನೋಡಿಯಾಗಿತ್ತು. ಮೂರು ಮನೆ ಉಳಿದಿದ್ದವು. ಅಧ್ಯಕ್ಷೆ ಮುನಿತಾಯಮ್ಮನದು, ಹಿಂದಿನ ಸಂದಿಯ ಲಿಂಗಮ್ಮನದು, ಅದೇ ಸಂದಿಯ ಕೊನೆಯಲ್ಲಿ ಬಾಡಿಗೆಗಿದ್ದ ಕಸ್ತೂರೆವ್ವನದು. ಮೂರು ಹೆಸರಿನಲ್ಲೂ ಡೈರಿಗೆ ದಿನಾ ಹಾಲು ಹೋಗುತ್ತಿತ್ತು. ಮೂರು ಮನೆಗೂ ಸೇರಿ ಇದ್ದದ್ದು ಒಂದೇ ಹಸು, ಗೌರಿ.

ಅದನ್ನು ಮುನಿತಾಯಮ್ಮನ ಕೊಟ್ಟಿಗೆಯಲ್ಲಿ, ಬಿಳಿ ಮಚ್ಚೆಯ ಸಮೇತ, ಕೊಟ್ರಪ್ಪ ಆಗಲೇ ನೋಡಿ ಫೋಟೊ ಹೊಡೆದುಕೊಂಡಿದ್ದ.

ಸಂಘದ ಸೆಕ್ರೆಟರಿ ಮುನಿರಾಜು ಸಂದಿಯ ಬಾಗಿಲಿನಿಂದ ತಲೆ ಹಾಕಿದ. ಅಂಗಿ ಬೆನ್ನಿಗೆ ಅಂಟಿತ್ತು. "ಬೇಗ ಕಣಕ್ಕ. ಡೈರೀಲಿ ಕಾಫಿ ಕೊಟ್ಟು, ಪೇಪರ್ ಕೊಟ್ಟು ಕೂರಿಸಿ ಬಂದಿದೀನಿ. ಲೋಟ ಖಾಲಿಯಾಗ್ತಾ ಬಂತು."

"ಇನ್ನೊಂದಿನ ಬನ್ನಿ ಅನ್ನಕ್ಕಾಗಲ್ವಾ? ಹೆಣ ಮನೆ ಮುಂದೆ ಐತೆ."

"ಅಂದೆ. 'ಸತ್ತ ಮನೀಗೆ ತ್ರಾಸ ಕೊಡಂಗಿಲ್ರಿ, ಉಳಿದ ಎರಡು ಮನಿ ನೋಡ್ಕೊಂಡು ಹೊಕ್ಕೀನಿ' ಅಂದ. ಆ ಎರಡು ಮನೇದೇ ಅಲ್ವಾ ತಾಪತ್ರಯ? ಅವೆರಡು ಹೆಸರು ಬಿದ್ದೋದ್ರೆ ಜನ ಸಾಲಲ್ಲ, ಸಂಘ ಮುಚ್ತಾರೆ. ಪಕ್ಕದ ಪಾಳ್ಯದ್ದು ಇವನೇ ಮುಚ್ಚಿಸಿದ್ದು. ಅಲ್ಲೂ ಹಿಂಗೇ ನಗ್‌ನಗ್ತಾ ಕಾಫಿ ಕುಡ್ದಿದ್ನಂತೆ."

ಸಂಘ ಮುಚ್ಚಿದರೆ ಮಾರನೆಯ ದಿನವೇ ಕಲಾವತಿಯ ಗಂಡ ಮುತ್ತುರಾಜ ಹಸು ಮಾರುತ್ತಾನೆ. ಕೊಟ್ಟಿಗೆ ಒಡೆದು ಬಾಡಿಗೆಗೆ ಶೀಟಿನ ಮನೆ ಹಾಕಬೇಕೆಂದು ಅವನು ಹೇಳತೊಡಗಿ ವರ್ಷಗಳಾಗಿದ್ದವು. ತಾಯಿಯ ಬಾಯಿಗೆ ಹೆದರಿ ಸುಮ್ಮನಿದ್ದ. ಬಾಡಿಗೆ ಅವನ ಕೈಗೆ ಬರುತ್ತದೆ. ಹಾಲಿನ ದುಡ್ಡು ಮಾತ್ರ ಅತ್ತೆಯ ಕೈಯಿಂದ ಕಲಾವತಿಯ ಕೈಗೆ ಬರುತ್ತಿತ್ತು. ಅವಳು ಯಾರನ್ನೂ ಕೇಳದೆ ಖರ್ಚು ಮಾಡುತ್ತಿದ್ದ ದುಡ್ಡು ಅದೊಂದೇ. ಸುತ್ತಲಿನ ಹೊಸ ಲೇಔಟಿನವರಿಗೆ ಮಾರೋಣವೆಂದರೆ ಅವರು ಪ್ಯಾಕೆಟ್ ಬಿಟ್ಟು ಬೇರೆ ಹಾಲು ಮೂಸುತ್ತಿರಲಿಲ್ಲ. ಇನ್ನು ಕಳ್ಳತನ ಹೊರಗೆ ಬಿದ್ದರೆ, ಮಣ್ಣಾಗುವ ಮೊದಲೇ ಮುನಿತಾಯಮ್ಮ ಸರ್ಕಾರದ ಬಾಯಲ್ಲಿ ಕಳ್ಳಿ.

ಹಗ್ಗ ಹಿಡಿದು ಎಳೆದಳು. ಗೌರಿ ನಾಲ್ಕು ಕಾಲನ್ನೂ ಊರಿ ನಿಂತಿತು. ಮುನಿರಾಜು ಹಿಂದಿನಿಂದ ತಳ್ಳಿದ. ಅದು ಬಾಲದಿಂದ ಅವನ ಮುಖಕ್ಕೆ ಒಂದು ಬಿಟ್ಟಿತು.

ಮೊಳೆಗೆ ಅತ್ತೆಯ ಕೊಟ್ಟಿಗೆ ಸೀರೆ ನೇತಾಡುತ್ತಿತ್ತು. ಬಣ್ಣ ಹೋಗಿ, ಸಗಣಿ, ಗಂಜಳ, ಹಿಂಡಿಯ ವಾಸನೆ ಹತ್ತಿದ ಸೀರೆ. ಕಲಾವತಿ ಅದನ್ನು ಎಳೆದುಕೊಂಡು ತನ್ನ ಸೀರೆಯ ಮೇಲೆಯೇ ಸುತ್ತಿದಳು. ಗೌರಿ ಮೂಗು ಚಾಚಿ ಸೆರಗು ಮೂಸಿತು, ಉಸಿರು ಬಿಟ್ಟಿತು, ನಡೆಯಿತು.

ನೀರಿಗೆಂದು ಹಿತ್ತಲಿಗೆ ಬಂದಿದ್ದ ನಾದಿನಿ ಅದನ್ನು ನೋಡಿ ಕೊಡ ಕೆಳಗಿಟ್ಟಳು.

"ನಮ್ಮವ್ವ ಇನ್ನೂ ಮಣ್ಣಾಗಿಲ್ಲ, ಅವಳ ಸೀರೆ ಸುತ್ಕೊಂಡ್ಯಾ? ಇನ್ನೇನು ಬೀಗದ ಕೈ ಒಂದು ಬಾಕಿ."

ಕಲಾವತಿ ಸಂದಿಗಿಳಿದಳು.

*

ಮುನಿತಾಯಮ್ಮ ಪುಣ್ಯ ಬರಲೆಂದು ಇದನ್ನೆಲ್ಲ ಶುರುಮಾಡಿದವಳಲ್ಲ.

ಹೊಂಗೆಪಾಳ್ಯದ ಗೋಮಾಳ ಸೈಟುಗಳಾದಾಗ ಮನೆಮನೆಯ ಹಸುಗಳೂ ಹೋದವು. ಲಿಂಗಮ್ಮನ ಮಕ್ಕಳು ಎರಡನ್ನೂ ಒಂದೇ ದಿನ ಲಾರಿ ಹತ್ತಿಸಿದರು. ಆಮೇಲೂ ಬೆಳಿಗ್ಗೆ ಡೈರಿಯ ಹೊತ್ತಿಗೆ ಲಿಂಗಮ್ಮ ಸಂದಿಯ ಬಾಯಿಗೆ ಬಂದು ನಿಲ್ಲುತ್ತಿದ್ದಳು. ಕ್ಯಾನು ಹಿಡಿದು ಹೋಗುವ ಹೆಂಗಸರನ್ನು ಮಾತಾಡಿಸುತ್ತಿದ್ದಳು, ಅವರು ಹೋದ ಮೇಲೂ ನಿಂತಿರುತ್ತಿದ್ದಳು.

"ಕೈ ಬೀಸ್ಕೊಂಡು ಯಾಕ್ ನಿಂತೀಯ? ನೋಡೋರಿಗೆ ಅಸಹ್ಯ," ಎಂದು ಮುನಿತಾಯಮ್ಮ ಒಂದು ದಿನ ತನ್ನ ಹಾಲಿನಲ್ಲೇ ಒಂದು ಪಾಲು ಬೇರೆ ಕ್ಯಾನಿಗೆ ಸುರಿದು ಅವಳ ಕೈಗೆ ಕೊಟ್ಟಳು. "ನಿನ್ ಹೆಸರಲ್ಲೇ ಹಾಕು. ದುಡ್ಡು ಬಂದಾಗ ನನಗೆ ತಂದ್ಕೊಡು."

ಅದರಲ್ಲಿ ಅವಳ ಲೆಕ್ಕಾಚಾರವೂ ಇತ್ತು. ಹಾಲು ಹಾಕದವಳಿಗೆ ಸಂಘದಲ್ಲಿ ಓಟಿಲ್ಲ. ಲಿಂಗಮ್ಮನ ಓಟು ಮುನಿತಾಯಮ್ಮನಿಗೆ ಬೇಕಿತ್ತು. ಅಧ್ಯಕ್ಷೆಯ ಕುರ್ಚಿ ಅವಳಿಗೆ ಇಷ್ಟ. ಡೈರಿಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ತನ್ನದೇ ಫೋಟೊ ಎದುರು ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದುದನ್ನು ಕಲಾವತಿ ಕಣ್ಣಾರೆ ನೋಡಿದ್ದಳು.

ಬಾಗಲಕೋಟೆ ಕಡೆಯಿಂದ ಬಂದ ಕಸ್ತೂರೆವ್ವನನ್ನು ಸೇರಿಸಿಕೊಂಡಿದ್ದೂ ಹಾಗೆಯೇ. ಅವಳ ಗಂಡ ದುಂಡಪ್ಪ ಅನ್ನಪೂರ್ಣೇಶ್ವರಿ ನಗರದಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಸಂದಿಯ ಕೊನೆಯ ಒಂದೇ ಕೋಣೆಯಲ್ಲಿ ಸಂಸಾರ. ಸಂಘಕ್ಕೆ ಜನ ಕಡಿಮೆ ಬಿದ್ದ ವರ್ಷ ಮುನಿತಾಯಮ್ಮ ಅವಳ ಬಾಗಿಲಿಗೆ ಹೋಗಿ, "ಏ ಹುಡುಗಿ, ನಿಮ್ಮೂರಲ್ಲಿ ಹಸು ಇತ್ತಾ?" ಎಂದು ಕೇಳಿದಳು.

"ಎಮ್ಮಿ ಇದ್ವುರಿ."

"ಸಾಕು ಬಿಡು."

ಅಲ್ಲಿಂದ ದಿನಾ ಬೆಳಿಗ್ಗೆ ಕೊಟ್ಟಿಗೆಯ ಮೋಟುಗೋಡೆಯ ಮೇಲೆ ಮೂರು ಕ್ಯಾನು. ಮುನಿತಾಯಮ್ಮನದು ಕಿವಿ ಮುರಿದು ತಂತಿ ಕಟ್ಟಿದ್ದು. ಅವಳು ಕರೆಯುವಳು, ಅಳೆಯುವಳು, ಮೂರಕ್ಕೂ ಸುರಿಯುವಳು. ಸರ್ಕಾರದ ಪ್ರೋತ್ಸಾಹಧನ ಬರತೊಡಗಿದಾಗ ಅದಕ್ಕೂ ಒಂದು ಕಾನೂನು ಮಾಡಿದಳು. "ಹಾಲಿನ ದುಡ್ಡು ನಂದು. ಸರ್ಕಾರದ ಎರಡು ರೂಪಾಯಿ ನಿಮ್ದು. ಹೊತ್ತಿದ್ದಕ್ಕೆ ಕೂಲಿ ಅನ್ಕೊಳ್ಳಿ."

ಮೊದಲ ಸಲ ತಪಾಸಣೆಗೆ ಬೇರೊಬ್ಬ ಆಫೀಸರು ಬಂದಾಗ ಮಸಿ ಬಳಿಯುವ ಉಪಾಯ ಹೂಡಿದವಳೂ ಅವಳೇ. ಕಲಾವತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದ್ದಳು. "ಎಣ್ಣೆ ಜಾಸ್ತಿ ಹಾಕ್ಬೇಡ, ಹೊಳೀತದೆ. ಆಫೀಸರ್‌ಗೆ ಹಸೂನ ಮುಂದಿನಿಂದ ತೋರಿಸ್ಬೇಕು. ಪೇಟೆಯೋರು ಮುಖ ನೋಡ್ತಾರೆ, ಹಸು ನೋಡಲ್ಲ."

ಆ ದಿನ ಗೌರಿಯ ಕೆಚ್ಚಲು ಖಾಲಿಯಾಗಿತ್ತು. ಬೆಳಿಗ್ಗೆಯೇ ಕರೆದಾಗಿತ್ತು.

*

ಈ ದಿನ ಕರೆದಿರಲಿಲ್ಲ. ಬಕೆಟ್ ಹಿಡಿದು ಹೊರಟ ಕಲಾವತಿಯನ್ನು ಲಿಂಗಮ್ಮನೇ ಅಡ್ಡಗಟ್ಟಿದ್ದಳು. "ಸೂತಕದ ಮನೇಲಿ ಹೆಣ ಎತ್ತೋಗಂಟ ಹಾಲು ಕರೆಯಂಗಿಲ್ಲ ಕಣಮ್ಮಿ. ನಿಮ್ಮತ್ತೇನೇ ಇದ್ದಿದ್ರೆ ಬಿಡ್ತಿದ್ಲಾ?" ಹೆಣದ ಬಾಯಿಗೆ ಬಿಡುವ ಹಾಲಿಗೂ ಮುತ್ತುರಾಜ ಅಂಗಡಿಯಿಂದ ಪ್ಯಾಕೆಟ್ ತಂದಿದ್ದ. ಜೀವವಿದ್ದಾಗ ಪ್ಯಾಕೆಟ್ ಹಾಲನ್ನು ಹೊಸ್ತಿಲೊಳಕ್ಕೆ ಬಿಡದವಳ ತುಟಿಯ ಮೇಲೆ ಅದು ನಿಲ್ಲದೆ ಕುತ್ತಿಗೆಗೆ ಇಳಿದಿತ್ತು.

ಲಿಂಗಮ್ಮನ ಅಂಗಳದಲ್ಲಿ ಗೌರಿಯನ್ನು ನಿಲ್ಲಿಸುವುದಕ್ಕೂ ಕೊಟ್ರಪ್ಪ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಕಂಬಕ್ಕೆ ಕಟ್ಟಿ ಕಲಾವತಿ ದೂರ ಸರಿದಳು. ಹಸು ಅವಳ ಕಡೆ ಕುತ್ತಿಗೆ ತಿರುಗಿಸಿ ಅಂಬಾ ಎಂದಿತು. ಕೊಟ್ರಪ್ಪ ಮೊದಲು ಹಸುವನ್ನು ನೋಡಿದ, ಆಮೇಲೆ ಅದು ನೋಡಿದ ಕಡೆ ನೋಡಿದ.

"ಇವರು ಸತ್ತ ಮನಿಯವರಲ್ಲೇನ್ರಿ? ಇಲ್ಲೇನ್ ಮಾಡಾಕತ್ಯಾರ?"

"ಹೆಣದ ಮನೇಲಿ ಒಲೆ ಹಚ್ಚಂಗಿಲ್ವಲ್ಲ ಸಾ," ಎಂದಳು ಲಿಂಗಮ್ಮ. "ಬೆಳಗ್ನಿಂದ ಬಾಯಿಗೆ ನೀರಿಲ್ಲ. ಒಂದ್ ಲೋಟ ಕಾಫಿ ಕುಡ್ಕೊಂಡ್ ಹೋಗು ಅಂತ ನಾನೇ ಕರ್ದೆ."

"ಹಣೀ ಮ್ಯಾಲ ಏನು, ಹೊಳೀತೈತಿ?"

ಎಣ್ಣೆ ಜಾಸ್ತಿಯಾಗಿತ್ತು.

"ನೊಣ ಸಾ," ಎಂದಳು ಲಿಂಗಮ್ಮ. "ಬೇವಿನೆಣ್ಣೆ ಹಚ್ಚಿವ್ನಿ. ಬೇಕಾದ್ರೆ ಮೂಸ್ ನೋಡಿ."

ಕೊಟ್ರಪ್ಪ ಮೂಸಲಿಲ್ಲ. ಕ್ಯಾಮೆರಾ ಎತ್ತಿ ಒಂದು ಫೋಟೊ ಹೊಡೆದ. ಮುನಿರಾಜು ಅವನ ತೋಳು ಹಿಡಿದೇ ಬಾಗಿಲ ಕಡೆ ತಿರುಗಿಸಿದ. "ಬನ್ನಿ ಸಾರ್, ಹಂಗೇ ಒಂದ್ ಎಳನೀರು ಕುಡಿಯೋಣ. ಬಿಸಿಲು ನೋಡಿ."

"ಎಷ್ಟು ಕುಡಸ್ತೀಯೋ ಮಾರಾಯ. ಮೂತ್ರಕ್ಕ ಹೋಗಾಕೂ ಬಿಡವಲ್ಲಿ."

ಅವರು ಮುಂಬಾಗಿಲಿನಿಂದ ಹೋದರು, ಹಸು ಹಿಂಬಾಗಿಲಿನಿಂದ. ಸಂದಿಯಲ್ಲಿ ಲಿಂಗಮ್ಮ ಗೌರಿಯ ಬೆನ್ನಿಗೆ ಗೋಣಿತಾಟು ಹೊದಿಸಿ ಕಟ್ಟಿದಳು. ಕಲಾವತಿ ಕೊಂಬುಗಳಿಗೆ ಕೆಂಪು ಟೇಪು ಸುತ್ತಿದಳು. ಅವಸರಕ್ಕೆ ಟೇಪು ಬೆರಳಿಗೇ ಅಂಟಿಕೊಳ್ಳುತ್ತಿತ್ತು. ಆಚೆ ಬೀದಿಯಲ್ಲಿ ಯಾರೋ ಹೊಸಬರು ಬಂದಿರಬೇಕು, ಅಳು ಒಮ್ಮೆಗೆ ಜೋರಾಯಿತು. ಅಲ್ಲಿ ಕೂತು ಅಳಬೇಕಾದ ಸೊಸೆ ಇಲ್ಲಿದ್ದಳು. ಅವಳು ಎಲ್ಲಿ ಎಂದು ಈಗಾಗಲೇ ಯಾರಾದರೂ ಕೇಳಿರುತ್ತಾರೆ, ನಾದಿನಿ ಹೇಳಿರುತ್ತಾಳೆ.

ಕಸ್ತೂರೆವ್ವನ ಕೋಣೆಯ ಮುಂದೆ ಸೆಂಟ್ರಿಂಗ್ ಹಲಗೆಗಳ ರಾಶಿಯಿತ್ತು. ಗೌರಿಯನ್ನು ಅದಕ್ಕೇ ಕಟ್ಟಿ ಕಲಾವತಿ ಹಲಗೆಯ ಹಿಂದೆ ಕುಕ್ಕರಿಸಿದಳು. ಹಲಗೆಗಳ ನಡುವಿನಿಂದ ಕಾಣುತ್ತಿದ್ದುದು ಕೊಟ್ರಪ್ಪನ ಚಪ್ಪಲಿ ಮಾತ್ರ.

"ಯಾವೂರವ್ವಾ ನಿಂದು?"

"ಬಾಗಲಕೋಟಿ ಕಡೆರಿ ಸಾಹೇಬ್ರ. ನಿಮ್ದ ಯಾವೂರ್ರಿ? ಮಾತು ನಮ್ಮ ಕಡೆದಾಂಗ ಐತಿ."

"ಕೊಟ್ಟೂರು. ಅದಿರ್ಲಿ. ಇದ್ದದ್ದು ಒಂದು ಖೋಲಿ. ಹಸಾನ ಎಲ್ಲಿ ಕಟ್ತಿ?"

"ಇಲ್ಲೇರಿ. ಹಗಲ ಅದು ಹೊರಗ, ನಾವು ಒಳಗ. ರಾತ್ರಿ ಅದು ಒಳಗ, ನಾವು ಹೊರಗ."

ಮುನಿರಾಜುವಿನ ಗಂಟಲಿನಿಂದ ಕೆಮ್ಮೋ ನಗುವೋ ಗೊತ್ತಾಗದ ಸದ್ದು ಬಂತು. ಕೊಟ್ರಪ್ಪನೂ ನಕ್ಕ.

"ಹಿಂಡೋರು ಯಾರು?"

"ನಾನ ಹಿಂಡ್ತೀನ್ರಿ."

"ಇವತ್ತ ಹಿಂಡಿಲ್ಲ?"

ಚಪ್ಪಲಿ ಹಸುವಿನ ಹಿಂಗಾಲಿನ ಕಡೆ ತಿರುಗಿತು. ಕಲಾವತಿ ಬಗ್ಗಿ ನೋಡಿದಳು. ಗೌರಿಯ ಕೆಚ್ಚಲು ಕಲ್ಲಿನಂತೆ ಬಿಗಿದಿತ್ತು. ಮೊಲೆಗಳ ತುದಿಯಿಂದ ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು. ಕಾಲ ಕೆಳಗಿನ ಸಿಮೆಂಟು ಆಗಲೇ ಬಿಳಿ.

ಆಗ ಅವಳು ಸಂದಿಯ ಉದ್ದಕ್ಕೂ ತಿರುಗಿ ನೋಡಿದಳು.

ಕೊಟ್ಟಿಗೆಯ ಬಾಗಿಲಿನಿಂದ ಲಿಂಗಮ್ಮನ ಅಂಗಳದವರೆಗೆ, ಅಲ್ಲಿಂದ ಇಲ್ಲಿಯವರೆಗೆ, ಹೆಜ್ಜೆಹೆಜ್ಜೆಗೂ ಹಾಲಿನ ಹನಿ ಬಿದ್ದಿತ್ತು. ಯಾರೋ ಬೇಕೆಂದೇ ಎಳೆದ ಗೆರೆಯ ಹಾಗೆ. ಪಾಳ್ಯದ ಕಂದು ನಾಯಿಯೊಂದು ಕೊಟ್ಟಿಗೆಯ ಬಾಗಿಲಿನಿಂದ ಶುರುಮಾಡಿ ಒಂದೊಂದೇ ಹನಿ ಮೂಸುತ್ತ, ಅಲ್ಲೊಂದು ಇಲ್ಲೊಂದು ನೆಕ್ಕುತ್ತ ಬರುತ್ತಿತ್ತು. ಅದಕ್ಕೆ ಅವಸರವಿರಲಿಲ್ಲ. ಲಿಂಗಮ್ಮನ ಹಿಂಬಾಗಿಲವರೆಗೆ ಬಂದು, ಒಳಗೆ ಹೋಗಿ, ಮತ್ತೆ ಹೊರಗೆ ಬಂದು, ಇತ್ತ ತಿರುಗಿತು.

ಕೊಟ್ರಪ್ಪ ಇದುವರೆಗೆ ಬೀದಿಯ ಕಡೆಯಿಂದಲೇ ಓಡಾಡಿದ್ದ. ಸಂದಿಯ ಕಡೆ ಮುಖ ಮಾಡಿರಲಿಲ್ಲ. ಈಗ ಕ್ಯಾಮೆರಾ ಚೀಲಕ್ಕೆ ಹಾಕುತ್ತ ಕೇಳಿದ. "ಈ ಸಂದಿ ಎಲ್ಲಿಗೆ ಹೊಕ್ಕೈತಿ? ಅಧ್ಯಕ್ಷರ ಮನೀ ಹಿಂದಕ್ಕೇನು? ಇಲ್ಲಿಂದಾನ ಹೋಗಿ ಮಣ್ಣಿಗೆ ನಿಂತ್ಕೊಂಡು ಹೊಕ್ಕೀನಿ."

"ಸಂದೀಲಿ ಗಲೀಜು ಸಾರ್," ಎಂದ ಮುನಿರಾಜು. "ಬೀದೀಲೇ ಹೋಗೋಣ. ಎಳನೀರು ಬೇರೆ ಕೆತ್ತಿ ಇಟ್ಟವ್ನೆ."

ಕಲಾವತಿ ಹಲಗೆಗಳ ಹಿಂದಿನಿಂದಲೇ ಎದ್ದು, ಹನಿಗಳ ಮೇಲೆ ಕಾಲಿಡದೆ, ಮನೆಯ ಕಡೆ ಓಡಿದಳು.

*

ಚಟ್ಟಕ್ಕೆ ಹೂವು ಕಟ್ಟಿಯಾಗಿತ್ತು. ಟೆಂಪೊ ಸಂದಿಯ ಆ ತುದಿಯ ಟಾರು ರಸ್ತೆಯಲ್ಲಿ ನಿಂತಿತ್ತು. ಹೆಣವನ್ನು ಬೀದಿಯಿಂದ ಸುತ್ತಿಕೊಂಡು ಅಲ್ಲಿಗೆ ಒಯ್ಯುವುದೆಂದು ಗಂಡಸರು ಮಾತಾಡಿಕೊಂಡಿದ್ದರು. ಹೆಣದ ಮುಂದೆ ತೂರುವ ಮಂಡಕ್ಕಿ ಪುರಿಯ ಬುಟ್ಟಿ ಚಟ್ಟದ ಪಕ್ಕದಲ್ಲಿತ್ತು. ಕಲಾವತಿ ಹೋಗಿ ಅದನ್ನು ಎತ್ತಿಕೊಂಡಳು.

"ಸಂದೀಲಿ ಕರ್ಕೊಂಡ್ ಹೋಗಿ."

ಮುತ್ತುರಾಜ ಕೆಂಪು ಕಣ್ಣಿನಿಂದ ಅವಳನ್ನೂ ಅವಳು ಸುತ್ತಿದ ಸೀರೆಯನ್ನೂ ನೋಡಿದ. "ಎಲ್ಲಿದ್ಯೇ ಇಷ್ಟೊತ್ತು? ಸಂದೀಲಿ ಚಟ್ಟ ತಿರುಗಲ್ಲ ಕಣೇ."

"ತಿರುಗ್ತದೆ. ಅವ್ರು ದಿನಾ ಡೈರಿಗೆ ಹೋಗ್ತಿದ್ದಿದ್ದು ಆ ದಾರೀಲೇ. ಇವತ್ತು ಬೇರೆ ದಾರೀಲಿ ಕಳಿಸ್ಬೇಡಿ. ನಿಮ್ಮ ಕಾಲ್ ಹಿಡ್ಕೋತೀನಿ."

ಅವಳು ನಿಜವಾಗಿಯೂ ಕಾಲು ಹಿಡಿದಳು. ಅಳು ಅವಳಿಗೆ ಗೊತ್ತಿಲ್ಲದೆಯೇ ಬಂತು. ಅದು ಅತ್ತೆಗಾಗಿಯೋ ಹಾಲಿನ ಹನಿಗಳಿಗಾಗಿಯೋ ಎಂದು ಯಾರೂ ಕೇಳಲಿಲ್ಲ. ಕೆಂಗೇರಿಯ ದೊಡ್ಡಪ್ಪ, "ಆಗ್ಲಿ ಕಣ್ರಪ್ಪ, ಸೊಸೆ ಆಸೆಪಡ್ತಾವ್ಳೆ, ಎತ್ತಿ ಇತ್ಲಾಗಿಂದ," ಎಂದ. ನಾದಿನಿ ಬಾಯಿಗೆ ಸೆರಗು ಹಿಡಿದುಕೊಂಡು, "ನಾನೊಬ್ಳು ಪಾಪಿ, ಏನೇನೋ ಅಂದ್ಬಿಟ್ನಲ್ಲೇ," ಎಂದು ಅವಳ ಹೆಗಲಿಗೆ ಒರಗಿದಳು.

ಕೊಟ್ಟಿಗೆ ದಾಟಿ ಚಟ್ಟ ಸಂದಿಗೆ ಇಳಿಯಿತು. ತಮಟೆಯ ಸದ್ದಿಗೆ ನಾಯಿ ಕಾಲಿಗೆ ಬುದ್ಧಿ ಹೇಳಿತು. ಕಲಾವತಿ ಎಲ್ಲರಿಗಿಂತ ಮುಂದೆ ನಡೆದಳು. ಪುರಿಯನ್ನು ಗಂಡಸರ ಹಾಗೆ ಮೇಲಕ್ಕೆ ತೂರಲಿಲ್ಲ. ಬಗ್ಗಿ ಬಗ್ಗಿ, ನೆಲ ನೋಡಿ, ಹಿಡಿಹಿಡಿಯಾಗಿ ಸುರಿದಳು. ರಾಗಿ ಬಿತ್ತುವವರಂತೆ ಸಾಲು ತಪ್ಪದೆ ಸುರಿದಳು. ಎದುರಿಗೆ ಸಂದಿಯ ಮಧ್ಯದಲ್ಲಿ ಕೊಟ್ರಪ್ಪ ನಿಂತಿದ್ದ. ಎಳನೀರು ಅವನನ್ನು ತಡೆದಿರಲಿಲ್ಲ. ಗೋಡೆಗೆ ಸರಿದು ಕೈಮುಗಿದ. ಅವನ ಚಪ್ಪಲಿಯ ಪಕ್ಕದಲ್ಲೇ ಇದ್ದ ಒಂದು ಹನಿಯ ಮೇಲೆ ಅವಳು ಪುರಿ ಸುರಿಯುವಾಗ ಅವನು ಕಾಲನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡ.

ಚಟ್ಟ ಟೆಂಪೊ ಹತ್ತಿತು. ಹೆಂಗಸರು ಅಲ್ಲಿಂದಾಚೆ ಹೋಗುವ ಪದ್ಧತಿಯಿರಲಿಲ್ಲ. ಅವರೆಲ್ಲ ಸ್ನಾನಕ್ಕೆಂದು ಬೀದಿಯ ಕಡೆಯಿಂದ ತಿರುಗಿದರು. ಖಾಲಿ ಬುಟ್ಟಿ ಹಿಡಿದ ಕಲಾವತಿ ಸಂದಿಗೆ ಬಂದಳು.

ಸಂದಿ ಬೆಳ್ಳಗಿತ್ತು. ಹನಿ ಎಲ್ಲಿಯೂ ಕಾಣುತ್ತಿರಲಿಲ್ಲ. ಕೊಟ್ರಪ್ಪ ಇನ್ನೂ ಅಲ್ಲೇ ನಿಂತು ಏನೋ ಬರೆಯುತ್ತಿದ್ದ. ಅವನಿಂದ ದೂರದಲ್ಲಿ ಮುನಿರಾಜು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ.

ಅಷ್ಟರಲ್ಲಿ ಹಿಂದೆ ಹಲಗೆಗಳು ಉರುಳಿದ ಸದ್ದಾಯಿತು. ಗೌರಿ ಹಗ್ಗ ಬಿಚ್ಚಿಕೊಂಡಿತ್ತು. ಬಾಯಿ ನೆಲಕ್ಕೆ ಹಚ್ಚಿ, ಪುರಿ ತಿನ್ನುತ್ತ, ಸುರಿದ ಸಾಲಿನಲ್ಲೇ ಬಂತು. ಗೋಣಿತಾಟು ಜಾರಿ ಹೊಟ್ಟೆಗೆ ನೇತಾಡುತ್ತಿತ್ತು. ಒಂದು ಕೊಂಬಿನ ಟೇಪು ಬಿಚ್ಚಿ ಕಣ್ಣ ಮುಂದೆ ಜೋತಿತ್ತು. ಹಣೆಯ ಮಸಿ ಬಿಸಿಲಿಗೆ ಇಳಿದು ಬಿಳಿ ಮಚ್ಚೆ ಅರ್ಧ ಹೊರಗೆ ಬಂದಿತ್ತು. ನೆಕ್ಕಿದಲ್ಲೆಲ್ಲ ಸಿಮೆಂಟು ತೆರೆದುಕೊಳ್ಳುತ್ತಿತ್ತು, ಹಿಂದಿನಿಂದ ಹೊಸ ಹನಿ ಬೀಳುತ್ತಿತ್ತು. ಹಿಡಿಯಲು ಕಲಾವತಿಯ ಕೈ ಏಳಲಿಲ್ಲ. ಹಸು ಅವಳನ್ನು ಒರೆಸಿಕೊಂಡೇ ದಾಟಿತು.

ಸಂದಿ ಕಿರಿದು. ಕೊಟ್ರಪ್ಪ ಹೊಟ್ಟೆ ಒಳಗೆಳೆದುಕೊಂಡು ಗೋಡೆಗೆ ಅಂಟಿ ದಾರಿ ಬಿಟ್ಟ. ಗೌರಿ ನೇರ ತನ್ನ ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತಿತು.

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ಕಲಾವತಿಯ ಮುಖ ನೋಡದೆ ಹೇಳಿದ.

"ಮೂರು ಮನಿಗೆ ಮೂರು ಅಂತ ಬರ್ಕೊಂಡೀನ್ರಿ. ಈ ಸಂಘಾನೂ ಮುಚ್ಚಿದ್ರ ನನ್ನ ಎಲ್ಲಿಗೆ ಒಗೀತಾರೋ ಗೊತ್ತಿಲ್ಲ, ಮಗಳು ಇಲ್ಲೇ ವಿಜಯನಗರದಾಗ ಓದಾಕತ್ತಾಳ. ಮುಂದಿನ ಸಲ ನಾನ ಬರ್ತೀನೋ ಇಲ್ಲೋ ಅದೂ ಗೊತ್ತಿಲ್ಲ." ಎರಡು ಹೆಜ್ಜೆ ಹೋಗಿ ನಿಂತ. "ಅದ್ರಾಗ ಒಂದನ್ನಾದ್ರೂ ಮೊದ್ಲು ಹಿಂಡ್ರಿ ತಾಯಿ. ಜೀವ ಹೊಕ್ಕೈತಿ ಅದರದು."

ಅವನು ಹೋದ ಮೇಲೂ ಮುನಿರಾಜು ಏಳಲಿಲ್ಲ.

ಕಲಾವತಿ ಸ್ನಾನ ಮಾಡಲಿಲ್ಲ. ಬಕೆಟ್ ತಂದು ಕೂತಳು. ಕೆಚ್ಚಲು ಮುಟ್ಟಿದರೆ ಸುಡುತ್ತಿತ್ತು. ಮೊದಲ ಧಾರೆಗಳನ್ನು ನೆಲಕ್ಕೆ ಬಿಟ್ಟಳು. ಆಮೇಲೆ ಬಕೆಟ್‌ನ ತಳದಲ್ಲಿ ಸದ್ದು ಎದ್ದಿತು, ಮೆಲ್ಲಗೆ ಮೆತ್ತಗಾಯಿತು. ಗೌರಿ ಅವಳ ಬೆನ್ನ ಮೇಲಿನ ಹಳೆಯ ಸೆರಗನ್ನು ಬಾಯಲ್ಲಿ ಹಿಡಿದು ಮೆಲ್ಲುತ್ತಿತ್ತು. ಮುಂದಿನ ಸಲ ಯಾರು ಬರುತ್ತಾರೋ. ಗಂಡ ಮಣ್ಣು ಮಾಡಿ ಬಂದ ಮೇಲೆ ಮೊದಲ ಮಾತು ಯಾವುದೋ. ತಂದ ಪುರಿಯಷ್ಟೂ ಮುಗಿದಿತ್ತು.

ಬಾಗಿಲಲ್ಲಿ ನೆರಳಾಡಿತು. ತಲೆಗೆ ನೀರು ಹಾಕಿಕೊಂಡು ಬಂದ ಲಿಂಗಮ್ಮ ನಿಂತಿದ್ದಳು. ಕೈಯಲ್ಲಿ ಕ್ಯಾನು.

"ಸೂತಕ ಅಂದಿದ್ರಿ," ಎಂದಳು ಕಲಾವತಿ.

"ಹೆಣ ಎತ್ತೋಗಂಟ ಅಂದಿದ್ದೆ ಕಣಮ್ಮಿ. ಎತ್ತಾಯ್ತಲ್ಲ." ಲಿಂಗಮ್ಮ ಕಣ್ಣೊರೆಸಿಕೊಂಡು ಕ್ಯಾನನ್ನು ಮೋಟುಗೋಡೆಯ ಮೇಲಿಟ್ಟಳು. "ಸಂಜೆ ಡೈರಿಗೆ ಹಾಕ್ಲಿಲ್ಲ ಅಂದ್ರೆ, ಮೂರು ಹಸು ಒಟ್ಗೆ ಬತ್ತೋದ್ವಾ ಅಂತ ಕೇಳಲ್ವಾ?"

ಅವಳ ಹಿಂದೆ ಕಸ್ತೂರೆವ್ವ ಬಂದಳು. ಅವಳ ಎರಡು ಕೈಯಲ್ಲೂ ಒಂದೊಂದು ಕ್ಯಾನಿತ್ತು. ಒಂದು ಅವಳದು. ಇನ್ನೊಂದರ ಕಿವಿಗೆ ತಂತಿ ಕಟ್ಟಿತ್ತು.